ಕೈಹಿಡಿದ ಕೋಶಗಳು ಕಟ್ಟಿದ ಮೂಳೆ

ಕೇಳುಗರಿಗೆ ನಮಸ್ಕಾರ.

ಮೂಳೆಯ ಬಗ್ಗೆ ಮಾತನಾಡುವವನು ಎಂದು ಗೊತ್ತಾದರೆ ಸಾಕು, ಮದುವೆ ಮನೆಯಲ್ಲಿಯೂ ಯಾರಾದರೂ ಹತ್ತಿರ ಬಂದು, “ಕ್ಯಾಲ್ಸಿಯಂ ಮಾತ್ರೆ ಊಟಕ್ಕೆ ಮುಂಚೆಯೋ, ಆಮೇಲೋ?” ಎಂದು ಕೇಳುತ್ತಾರೆ. ನಾನು ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಕೊಂಡು ಬಂದವನು, ಮಾತ್ರೆ ಬರೆಯುವವನಲ್ಲ. ಅದನ್ನು ನಿಮ್ಮ ವೈದ್ಯರನ್ನೇ ಕೇಳಿ. ನನ್ನ ಬಳಿ ಇರುವುದು ಒಂದೇ ಮಾತು: ಮೂಳೆ ಕಟ್ಟುವ ಕೋಶ ಪಕ್ಕದ ಕೋಶದ ಕೈ ಹಿಡಿಯಬೇಕು. ಹಿಡಿಯದಿದ್ದರೆ ಕೆಲಸ ಕೆಡುತ್ತದೆ. ಇದನ್ನು ಇನ್ನೂ ಎರಡು ಮೂರು ಸಲ ಹೇಳುವವನಿದ್ದೇನೆ, ಸಹಿಸಿಕೊಳ್ಳಿ.

ಮೂಳೆ ಎಂದರೆ ಒಮ್ಮೆ ನೆಟ್ಟು ಮರೆತ ಕಲ್ಲುಕಂಬವಲ್ಲ. ಅಲ್ಲಿ ಹಳೆಯದನ್ನು ಕೆಡವುವ ಕೋಶಗಳಿವೆ, ಹೊಸದನ್ನು ಕಟ್ಟುವ ಕೋಶಗಳಿವೆ. ಕಟ್ಟುವ ಕೋಶದ ಹೆಸರು ಆಸ್ಟಿಯೋಬ್ಲಾಸ್ಟ್. ಮನೆಗೆ ತಾರಸಿ ಹಾಕುವ ದಿನವನ್ನು ನೆನಪಿಸಿಕೊಳ್ಳಿ. ನೆಲದಿಂದ ಮೇಲಿನವರೆಗೆ ಆಳುಗಳು ಸಾಲಾಗಿ ನಿಂತು ಕಾಂಕ್ರೀಟ್ ತುಂಬಿದ ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ನಡುವೆ ಒಬ್ಬನು ಬೀಡಿ ಸೇದಲು ಹೋದರೆ ಇಡೀ ಸಾಲು ನಿಂತುಬಿಡುತ್ತದೆ. ಆಸ್ಟಿಯೋಬ್ಲಾಸ್ಟ್‌ಗಳೂ ಮೂಳೆಯ ಮೇಲೆ ಹೀಗೆಯೇ ಒತ್ತೊತ್ತಾಗಿ ಸಾಲುಗಟ್ಟುತ್ತವೆ. ಸಿಮೆಂಟಿನ ಬಗ್ಗೆ, ಅಂದರೆ ಕ್ಯಾಲ್ಸಿಯಂ ಬಗ್ಗೆ, ನಾವು ದಿನವಿಡೀ ಮಾತನಾಡುತ್ತೇವೆ, ಆ ಸಾಲಿನ ಬಗ್ಗೆ ಯಾರೂ ಕೇಳುವುದಿಲ್ಲ.

ಕೋಶಕ್ಕೆ ಕೈ ಎಲ್ಲಿಂದ ಬಂತು? ಇಲ್ಲಿ ನನಗೆ ಬಹಳ ಪ್ರಿಯವಾದ ಕಥೆಯೊಂದಿದೆ.

1970ರ ದಶಕದ ನಡುವಿನಲ್ಲಿ ಮಸತೋಶಿ ತಾಕೆಯಿಚಿ ಎಂಬ ಜಪಾನಿ ವಿಜ್ಞಾನಿ ಕ್ಯೋಟೋದಿಂದ ಅಮೆರಿಕದ ಬಾಲ್ಟಿಮೋರ್‌ಗೆ, ಕಾರ್ನೆಗಿ ಸಂಸ್ಥೆಯ ಪ್ರಯೋಗಾಲಯಕ್ಕೆ ಹೋದರು. ಟ್ರಿಪ್ಸಿನ್ ಎಂಬ ಕಿಣ್ವದಿಂದ ಕೋಶಗಳನ್ನು ಬಿಡಿಬಿಡಿಯಾಗಿಸಿ, ಅವು ಮತ್ತೆ ಹೇಗೆ ಕೂಡಿಕೊಳ್ಳುತ್ತವೆ ಎಂದು ನೋಡುವುದು ಅವರ ಕೆಲಸ. ಕ್ಯೋಟೋದಲ್ಲಿ ಅವು ಸಲೀಸಾಗಿ ಕೂಡಿಕೊಳ್ಳುತ್ತಿದ್ದವು. ಬಾಲ್ಟಿಮೋರ್‌ನಲ್ಲಿ ಕೂಡಲೇ ಇಲ್ಲ. ಅದೇ ಟ್ರಿಪ್ಸಿನ್, ಅದೇ ಕೈ, ಆದರೆ ಕೋಶಗಳು ಪರಿಚಯವೇ ಇಲ್ಲದವರಂತೆ ತೇಲುತ್ತಿವೆ! ಪರದೇಶದಲ್ಲಿ ಪ್ರಯೋಗ ಕೈಕೊಟ್ಟರೆ ಹೊಟ್ಟೆಯಲ್ಲಿ ಎಂಥ ಸಂಕಟವಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ನಾನಾಗಿದ್ದರೆ ನೀರನ್ನೋ ಹವೆಯನ್ನೋ ಬೈದು ಸುಮ್ಮನಾಗುತ್ತಿದ್ದೆ. ಅವರು ಎರಡೂ ಊರಿನ ದ್ರಾವಣಗಳನ್ನು ಹೋಲಿಸಿ ನೋಡಿದರು. ಬಾಲ್ಟಿಮೋರ್‌ನ ಟ್ರಿಪ್ಸಿನ್‌ನಲ್ಲಿ ಇಡಿಟಿಎ ಎಂಬ ರಾಸಾಯನಿಕ ಬೆರೆತಿತ್ತು, ಕ್ಯೋಟೋದ್ದರಲ್ಲಿ ಇರಲಿಲ್ಲ. ನಿಮಗೂ ಅದರ ಪರಿಚಯವಿದೆ. ರಕ್ತಪರೀಕ್ಷೆಯ ನೇರಳೆ ಮುಚ್ಚಳದ ನಳಿಕೆಯಲ್ಲಿ ಇರುವುದು ಅದೇ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ರಕ್ತ ಹೆಪ್ಪುಗಟ್ಟುವುದಿಲ್ಲ.

ಅಲ್ಲಿಗೆ ಗುಟ್ಟು ಬಯಲಾಯಿತು. ಕೋಶಗಳು ಒಂದನ್ನೊಂದು ಹಿಡಿಯುವುದು ಹೊರಗೆ ಚಾಚಿರುವ ಒಂದು ಪ್ರೋಟೀನಿನಿಂದ. ಕ್ಯಾಲ್ಸಿಯಂ ಇದ್ದರೆ ಅದು ಸೆಟೆದು ನಿಲ್ಲುತ್ತದೆ, ಟ್ರಿಪ್ಸಿನ್ನಿಗೂ ಜಗ್ಗುವುದಿಲ್ಲ. ಕ್ಯಾಲ್ಸಿಯಂ ಹೋದರೆ ನೆನೆದ ಹಗ್ಗದಂತೆ ಜೋತುಬೀಳುತ್ತದೆ, ಟ್ರಿಪ್ಸಿನ್ ಅದನ್ನು ಕತ್ತರಿಸಿ ಹಾಕುತ್ತದೆ. 1977ರಲ್ಲಿ ಅವರು ಇದನ್ನು ಪ್ರಕಟಿಸಿದರು, 1984ರಲ್ಲಿ ಆ ಕೈಗೆ ಕ್ಯಾಡೆರಿನ್ ಎಂಬ ಹೆಸರು ಬಂತು.

ನೋಡಿ, ನೀವು ಕೇಳುವ ಕ್ಯಾಲ್ಸಿಯಂ ಇಲ್ಲಿಯೂ ಬಂತು, ಆದರೆ ಗಾರೆಯಾಗಿ ಅಲ್ಲ, ಹಿಡಿತವಾಗಿ. ಹಾಗಾದರೆ ಮಾತ್ರೆ ಹೆಚ್ಚು ನುಂಗಿದರೆ ಹಿಡಿತ ಬಿಗಿಯಾಗುತ್ತದೆಯೇ ಎಂದು ದಯವಿಟ್ಟು ಕೇಳಬೇಡಿ. ನೀವು ಏನೇ ತಿಂದರೂ ರಕ್ತದ ಕ್ಯಾಲ್ಸಿಯಂ ಅನ್ನು ದೇಹ ಡೆಸಿಲೀಟರಿಗೆ 9ರಿಂದ 10 ಮಿಲಿಗ್ರಾಂ ಆಸುಪಾಸಿನಲ್ಲಿಯೇ ಕಾಯ್ದುಕೊಳ್ಳುತ್ತದೆ.

ಈ ಕಥೆಯೇ ನನ್ನ ಅರ್ಧ ಹೊತ್ತನ್ನು ನುಂಗಿತು. ಬರೆದದ್ದನ್ನು ಕಡಿಮೆ ಮಾಡಿ ಎಂದು ನಿಲಯದವರು ಹೇಳಿದಾಗ ಉಳಿದುದನ್ನು ಕತ್ತರಿಸಿದೆ, ಇದನ್ನು ಬಿಡಲು ಮನಸ್ಸಾಗಲಿಲ್ಲ.

ಮೂಳೆ ಕಟ್ಟುವ ಕೋಶದಲ್ಲಿ ಮುಖ್ಯವಾಗಿ ಎರಡು ಬಗೆಯ ಕ್ಯಾಡೆರಿನ್‌ಗಳಿವೆ. ಒಂದು ಎನ್ ಕ್ಯಾಡೆರಿನ್. ಇನ್ನೊಂದು ಹನ್ನೊಂದನೆಯ ಕ್ಯಾಡೆರಿನ್, ಅದು ಆಸ್ಟಿಯೋಬ್ಲಾಸ್ಟ್‌ಗಳಲ್ಲಿಯೇ ಸಿಕ್ಕಿದ್ದರಿಂದ ಓಬಿ ಕ್ಯಾಡೆರಿನ್ ಎಂದೂ ಕರೆದರು. ಈ ಹನ್ನೊಂದನೆಯದು ಇಲ್ಲದ ಇಲಿಗಳು ಹುಟ್ಟುತ್ತವೆ, ಬೆಳೆಯುತ್ತವೆ, ಆದರೆ ಅವುಗಳ ಮೂಳೆಯ ಸಾಂದ್ರತೆ ಕಡಿಮೆ. ಇನ್ನು ಎನ್ ಕ್ಯಾಡೆರಿನ್ನಿನ ಕೈ ಕಟ್ಟಿಹಾಕಿದ ಇಲಿಗಳಲ್ಲಿ ಕಂಡದ್ದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಮೂಳೆ ತಡವಾಗಿ ತುಂಬಿಕೊಂಡಿತು, ಮೈಯಲ್ಲಿ ಕೊಬ್ಬು ಹೆಚ್ಚಿತು. ಮೂಳೆಯ ಕೋಶವೂ ಕೊಬ್ಬಿನ ಕೋಶವೂ ಒಂದೇ ತಾಯಿಕೋಶದ ಮಕ್ಕಳು. ಪಕ್ಕದವರ ಕೈ ಬಿಟ್ಟ ಮಗು ಕೊಬ್ಬಿನ ದಾರಿ ಹಿಡಿಯಿತು. ಅದಕ್ಕೇ ಹೇಳುತ್ತಿರುವುದು, ಕೈ ಹಿಡಿಯಬೇಕು!

ಕೈ ಹಿಡಿದ ಮೇಲೆ ಬಾಂಡಲಿ ದಾಟಬೇಕಲ್ಲ. ಅದಕ್ಕೆ ಕೋಶದಿಂದ ಕೋಶಕ್ಕೆ ಸಣ್ಣ ಕೊಳವೆಗಳಿವೆ, ಕನೆಕ್ಸಿನ್ 43 ಎಂಬ ಪ್ರೋಟೀನಿನಿಂದಾದವು. ಕ್ಯಾಲ್ಸಿಯಂ ಅಯಾನಿನಂಥ ಪುಟ್ಟ ಸಂದೇಶಗಳು ಅವುಗಳ ಮೂಲಕ ಹರಿಯುತ್ತವೆ. ಕಟ್ಟುತ್ತ ಕಟ್ಟುತ್ತ ಕೆಲವು ಆಸ್ಟಿಯೋಬ್ಲಾಸ್ಟ್‌ಗಳು ತಾವು ಕಟ್ಟಿದ ಗೋಡೆಯೊಳಗೇ ಹೂತುಹೋಗುತ್ತವೆ. ಹೂತರೂ ಕೈ ಬಿಡುವುದಿಲ್ಲ. ಗಟ್ಟಿ ಮೂಳೆಯೊಳಗಿನ ಸೂಕ್ಷ್ಮ ಸಂದುಗಳಲ್ಲಿ ತೋಳು ಚಾಚಿ ನೆರೆಯವರನ್ನು ಮುಟ್ಟಿಕೊಂಡೇ ಇರುತ್ತವೆ. ನೀವು ನಡೆದಾಗ, ಮೆಟ್ಟಿಲು ಹತ್ತಿದಾಗ ಮೂಳೆಯ ಮೇಲೆ ಬೀಳುವ ಭಾರ ಅವುಗಳಿಗೆ ತಿಳಿಯುತ್ತದೆ. ಎಲ್ಲಿ ಕಟ್ಟಬೇಕು ಎಂಬ ಸುದ್ದಿ ಹೊರಡುವುದು ಅಲ್ಲಿಂದ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇದ್ದವರ ಮೂಳೆ ಸವೆಯುವುದನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ.

ಕ್ಯಾಡೆರಿನ್ನಿನ ಬಾಲಕ್ಕೆ ಒಳಗಿನಿಂದ ಅಂಟಿಕೊಳ್ಳುವ ಬೀಟಾ ಕೆಟೆನಿನ್ ಎಂಬ ಪ್ರೋಟೀನೊಂದಿದೆ. ಅದು ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನೂ ಎಬ್ಬಿಸುತ್ತದೆ. ನಿಜ ಹೇಳಬೇಕೆಂದರೆ ನಿಲಯದವರು ನನ್ನನ್ನು ಕರೆದದ್ದು ಅದರ ಬಗ್ಗೆ ಹೇಳಲು. ನಾನು ಬಾಲ್ಟಿಮೋರ್‌ನಲ್ಲಿ ಉಳಿದುಬಿಟ್ಟೆ. ಇನ್ನೊಮ್ಮೆ ಕರೆದರೆ ಅಲ್ಲಿಂದ ಶುರುಮಾಡುತ್ತೇನೆ. ನಮಸ್ಕಾರ.