ಮುನ್ನೂರು ಸುತ್ತು ಮನೆಯಲ್ಲಿ, ಒಂದು ಸುತ್ತು ರಸ್ತೆಯಲ್ಲಿ

ನಮಸ್ಕಾರ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈಗ ಪರದೆ ಮೇಲೆ ಓಡುತ್ತಿದೆಯಲ್ಲ, ಆ ಕಾರು ನಿಜವಾದ ಕಾರಲ್ಲ. ಆ ಕಾಡೂ ನಿಜವಲ್ಲ. ಸ್ಟುಟ್‌ಗಾರ್ಟ್‌ನ ನನ್ನ ಬಾಡಿಗೆ ಮನೆಯ ಮೂಲೆಯಲ್ಲಿ ಒಂದು ಸಿಮ್ಯುಲೇಟರ್ ಇದೆ, ಅಂದರೆ ಕಂಪ್ಯೂಟರಿನ ರೇಸ್ ಆಟಕ್ಕೆ ಜೋಡಿಸಿದ ಸ್ಟೀರಿಂಗ್ ಮತ್ತು ಪೆಡಲ್, ಅದರಲ್ಲಿ ರೆಕಾರ್ಡ್ ಮಾಡಿದ್ದು. ಇದೇ ರೇಸ್ ಟ್ರ್ಯಾಕಿನಲ್ಲಿ ನಿಜವಾದ ಸುತ್ತು ಹೊಡೆದದ್ದು ಕಳೆದ ತಿಂಗಳು. ಅದರದ್ದು ಒಂದು ಸೆಕೆಂಡಿನ ವಿಡಿಯೋ ಕೂಡ ನನ್ನ ಹತ್ತಿರ ಇಲ್ಲ. ಕಾರಿನೊಳಗೆ ಕ್ಯಾಮೆರಾ ಹಾಕುವಂತಿಲ್ಲ ಅಂತ ನಾನು ಸಹಿ ಹಾಕಿದ ಕರಾರಿನಲ್ಲೇ ಇತ್ತು. ವ್ಲಾಗ್ ಮಾಡುವವನಿಗೆ ಇದಕ್ಕಿಂತ ದೊಡ್ಡ ಶಾಪ ಬೇಕಾ? ಹಾಗಾಗಿ ಇವತ್ತು ಕಣ್ಣಿಗೆ ಸಿಮ್ಯುಲೇಟರ್, ಕಿವಿಗೆ ನಿಜದ ಕಥೆ.

ಈ ರಸ್ತೆಯ ಹೆಸರು ನಾರ್ಡ್‌ಶ್ಲೈಫ. ಜರ್ಮನಿಯ ಐಫೆಲ್ ಬೆಟ್ಟಗಳಲ್ಲಿರುವ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಹಳೆಯ ಭಾಗ. ಪೂರ್ತಿ ಸುತ್ತು 20.8 ಕಿಲೋಮೀಟರ್. ಲೆಕ್ಕಕ್ಕೆ ಸಿಗುವ ತಿರುವುಗಳೇ 73. ಅತಿ ತಗ್ಗಿನ ಜಾಗಕ್ಕೂ ಅತಿ ಎತ್ತರದ ಜಾಗಕ್ಕೂ ಸುಮಾರು 300 ಮೀಟರ್ ವ್ಯತ್ಯಾಸ. 1925ರಲ್ಲಿ ಕೆಲಸ ಶುರುವಾಗಿ 1927ರಲ್ಲಿ ತೆರೆಯಿತು. ಐಫೆಲ್ ಆಗ ಬಡ ಸೀಮೆ, ಊರಿನವರಿಗೆ ಕೂಲಿ ಸಿಗಲಿ ಅನ್ನುವುದೂ ಇದನ್ನು ಕಟ್ಟಿಸಿದ್ದಕ್ಕೆ ಒಂದು ಕಾರಣ. ನಮ್ಮ ಕಡೆ ಬರಗಾಲದಲ್ಲಿ ಕೆರೆ ತೋಡಿಸುತ್ತಿದ್ದರಲ್ಲ, ಇವರು ರೇಸ್ ಟ್ರ್ಯಾಕ್ ತೋಡಿಸಿದರು.

ಮಜಾ ಇರುವುದು ಮುಂದೆ. ರೇಸು, ಟೆಸ್ಟಿಂಗ್ ಏನೂ ಇಲ್ಲದ ಹೊತ್ತಿನಲ್ಲಿ ಇಲ್ಲಿ ಯಾರು ಬೇಕಾದರೂ ಕಾರು ಓಡಿಸಬಹುದು. ಟಿಕೆಟ್ ತಗೊಳ್ಳಿ, ಗೇಟಿನಲ್ಲಿ ಕಾರ್ಡ್ ತೋರಿಸಿ, ನುಗ್ಗಿ. ವಾರದ ದಿನ ಹೋಗಿದ್ದರಿಂದ ನನಗೆ ಸ್ವಲ್ಪ ಅಗ್ಗಕ್ಕೆ ಸಿಕ್ಕಿತು. ಆದರೆ ಆ ಹೊತ್ತಿನಲ್ಲಿ ಅದು ರೇಸ್ ಟ್ರ್ಯಾಕ್ ಅಲ್ಲ, ಸುಂಕದ ರಸ್ತೆ. ಮಾಮೂಲಿ ಟ್ರಾಫಿಕ್ ಕಾನೂನು ನಡೆಯುತ್ತದೆ. ಓವರ್‌ಟೇಕ್ ಎಡಗಡೆಯಿಂದ ಮಾತ್ರ. ಸಮಯ ಅಳೆಯುವುದು ಪೂರ್ತಿ ನಿಷಿದ್ಧ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ನಾವು ಮೂಡಿಗೆರೆ ಕಡೆಯವರು. ಅಮ್ಮ ಪೂರ್ತಿ ಕೇಳಿಸಿಕೊಂಡು, "ಘಾಟಿ ರಸ್ತೇಲಿ ಜೋರಾಗಿ ಹೋಗೋಕೆ ದುಡ್ಡು ಕೊಡ್ತೀಯಾ? ಚಾರ್ಮಾಡೀಲಿ ಬಸ್ಸಿನವರು ದಿನಾ ಅದನ್ನೇ ಮಾಡ್ತಾರಲ್ಲೋ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಈ ಹುಚ್ಚು ಹತ್ತಿದ್ದೇ ಅಲ್ಲಿ. ಚಿಕ್ಕಮಗಳೂರಿನ ಕಾಫಿ ತೋಟಗಳ ಒಳಗೆ ರ್‍ಯಾಲಿ ನಡೆಯುವುದು ನಿಮಗೆ ಗೊತ್ತಿರಬಹುದು. ಚಿಕ್ಕವನಿದ್ದಾಗ ತೋಟದ ಬೇಲಿ ಪಕ್ಕ ನಿಂತು, ಕೆಂಪು ಧೂಳು ಕುಡಿದು, ಕಾರು ಬರುವ ಮುಂಚೆ ಅದರ ಸದ್ದು ಬರುವುದನ್ನು ಕಾಯುತ್ತಿದ್ದೆ. ಆಮೇಲೆ ಕೊಟ್ಟಿಗೆಹಾರದಲ್ಲಿ ನೀರುದೋಸೆ. ಮೋಟಾರ್ ಸ್ಪೋರ್ಟ್ ಅಂದರೆ ನನಗೆ ಇವತ್ತಿಗೂ ಧೂಳು ಮತ್ತು ನೀರುದೋಸೆ.

ಈಗ ಸಿಮ್ಯುಲೇಟರ್ ಕಥೆ. ಮೊದಲು ಸೆಕೆಂಡ್ ಹ್ಯಾಂಡ್ ಲಾಜಿಟೆಕ್ ಸ್ಟೀರಿಂಗ್ ತಂದು ಊಟದ ಮೇಜಿಗೆ ಬಿಗಿದೆ. ಗೇರಿನ ಹಲ್ಲುಗಳ ಮೇಲೆ ನಡೆಯುವಂಥದ್ದು, ಕಟಕಟ ಸದ್ದು, ಒಳಗಿನ ಮೋಟಾರು ಸ್ಟೀರಿಂಗನ್ನು ಕೈಗೆ ಎದುರಾಗಿ ತಿರುಗಿಸುವ ಬಲ ಸುಮಾರು 2 ನ್ಯೂಟನ್ ಮೀಟರ್. ಒಂದು ವರ್ಷವಾದ ಮೇಲೆ ಡೈರೆಕ್ಟ್ ಡ್ರೈವ್‌ಗೆ ಹೋದೆ. ಇದರಲ್ಲಿ ಸ್ಟೀರಿಂಗ್ ನೇರವಾಗಿ ಮೋಟಾರಿನ ಶಾಫ್ಟಿಗೇ ಕೂರುತ್ತದೆ. ನಡುವೆ ಬೆಲ್ಟಿಲ್ಲ, ಗೇರಿಲ್ಲ. ನನ್ನದು 8 ನ್ಯೂಟನ್ ಮೀಟರಿನದು. ಬ್ರೇಕ್ ಪೆಡಲ್ ಲೋಡ್ ಸೆಲ್‌ನದು. ಪೆಡಲ್ ಎಷ್ಟು ಕೆಳಗೆ ಹೋಯಿತು ಅನ್ನುವುದನ್ನಲ್ಲ, ನೀವು ಎಷ್ಟು ಬಲ ಹಾಕಿದಿರಿ ಅನ್ನುವುದನ್ನು ಅದು ಅಳೆಯುತ್ತದೆ. ಕಾರಿನಲ್ಲೂ ಕಾಲು ನೆನಪಿಡುವುದು ಬಲವನ್ನೇ ಅಲ್ವಾ? ದುಡ್ಡು ಹಾಕುವುದಾದರೆ ಮೊದಲು ಪೆಡಲಿಗೆ ಹಾಕಿ, ಸ್ಟೀರಿಂಗ್ ಆಮೇಲೆ. ನಾನು ಉಲ್ಟಾ ಮಾಡಿ ಕಲಿತೆ. ರಾತ್ರಿ ಹತ್ತರ ಮೇಲೆ ಮಾತ್ರ ಆ ಪೆಡಲನ್ನು ಮೆಲ್ಲಗೆ ಒತ್ತಬೇಕು. ಕೆಳಗಿನ ಮನೆಯ ಅಜ್ಜಿಗೆ ನನ್ನ ಪ್ರತಿ ಬ್ರೇಕಿಂಗ್ ಪಾಯಿಂಟೂ ಬಾಯಿಪಾಠ.

ಆಟದ ಹೆಸರು ಅಸೆಟೊ ಕೊರ್ಸಾ. ಇಟಲಿಯವರದು. ಅದರಲ್ಲಿ ನಾರ್ಡ್‌ಶ್ಲೈಫ ಬಂದದ್ದು 2015ರಲ್ಲಿ, ಲೇಸರ್ ಸ್ಕ್ಯಾನ್ ಮಾಡಿದ ರಸ್ತೆ. ಲೇಸರ್ ಕಿರಣ ಬಿಟ್ಟು, ಅದು ರಸ್ತೆಗೆ ಬಡಿದು ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ ದೂರ ಲೆಕ್ಕ ಹಾಕುತ್ತಾರೆ. ಹೀಗೆ ಕೋಟಿಗಟ್ಟಲೆ ಚುಕ್ಕೆ ಸೇರಿಸಿದರೆ ರಸ್ತೆಯ ಉಬ್ಬು ತಗ್ಗು ಇದ್ದಲ್ಲೇ ಇದ್ದ ಹಾಗೆ ಸಿಗುತ್ತದೆ. ಈ ರಸ್ತೆಯಲ್ಲಿ ನಾನು ಹೊಡೆದದ್ದು ಮುನ್ನೂರು ಸುತ್ತು. ಪ್ರವಾಸಿಗರ ಸುತ್ತು ಪೂರ್ತಿ ಸುತ್ತಿಗಿಂತ ಸ್ವಲ್ಪ ಚಿಕ್ಕದು, 19 ಕಿಲೋಮೀಟರ್ ಚಿಲ್ಲರೆ. ಲೆಕ್ಕ ಹಾಕಿದರೆ ಮೂಡಿಗೆರೆಯಿಂದ ದೆಹಲಿಗೆ ಹೋಗಿ ಬಂದರೂ ಮಿಗುತ್ತದೆ. ಕಾರು ಪುಟ್ಟ ಅಬಾರ್ತ್ 500. ಫೆರಾರಿ ಬಿಟ್ಟು ಅದ್ಯಾಕೆ ಅಂತ ಕೇಳಬೇಡಿ. ನಿಜವಾಗಿ ಹೋದಾಗ ನನಗೆ ಸಿಗುವುದು ಸಣ್ಣ ಫ್ರಂಟ್ ವೀಲ್ ಡ್ರೈವ್ ಕಾರೇ ಅಂತ ಗೊತ್ತಿತ್ತು.

ಸಿಕ್ಕಿದ್ದೂ ಅದೇ. ಸುಜುಕಿ ಸ್ವಿಫ್ಟ್ ಸ್ಪೋರ್ಟ್. ಹೌದು, ನಮ್ಮ ಸ್ವಿಫ್ಟಿನ ಖಾರದ ಅಣ್ಣ. ನ್ಯೂರ್‌ಬರ್ಗ್ ಊರಲ್ಲಿ ಟ್ರ್ಯಾಕಿಗೆಂದೇ ಕಾರು ಬಾಡಿಗೆ ಕೊಡುವವರು ಇದ್ದಾರೆ. ಹೊಸಬರಿಗೆ ಸ್ವಿಫ್ಟ್ ಕೊಡುವುದು ಅಲ್ಲಿ ವಾಡಿಕೆ. ಹಗುರ ಕಾರು, ತಪ್ಪು ಮಾಡಿದರೂ ಸ್ವಲ್ಪ ಕ್ಷಮಿಸುತ್ತದೆ. ಒಳಗೆ ಕಾರು ಮಗುಚಿದರೂ ಕಾಪಾಡುವ ರೋಲ್ ಕೇಜ್ ಅನ್ನುವ ಪಂಜರ, ಮೈಯನ್ನು ಬಿಗಿಯಾಗಿ ಹಿಡಿಯುವ ಬಕೆಟ್ ಸೀಟು. ಆಮೇಲೆ ಕರಾರು ಓದಿಸಿದರು. ಕಾರಿಗೆ ಏನಾದರೂ ಆದರೆ ಎಷ್ಟು ಕೊಡಬೇಕು, ಎಳೆದು ತರುವ ಗಾಡಿಗೆ ಎಷ್ಟು, ಎಲ್ಲ ಅದರಲ್ಲಿತ್ತು. ಟ್ರ್ಯಾಕಿನ ಕಬ್ಬಿಣದ ತಡೆಬೇಲಿಗೆ ಗುದ್ದಿದರೆ ಎಷ್ಟು ಉದ್ದ ಹಾಳಾಯಿತೋ ಅಷ್ಟಕ್ಕೆ ಮೀಟರ್ ಲೆಕ್ಕದಲ್ಲಿ ಬಿಲ್. ಬೆಂಗಳೂರಿನ ಆಟೋಗಳಲ್ಲಿ ಓಡದ ಮೀಟರ್ ಇಲ್ಲಿ ಓಡುತ್ತದೆ.

ಜೊತೆಗೆ ಧಾರವಾಡದ ಗೆಳೆಯ ಬಂದಿದ್ದ, ಆಫೀಸಿನವನು. ಪೆನ್ನು ನನ್ನ ಕೈಯಲ್ಲಿ ನಡುಗುವುದನ್ನು ನೋಡಿ, "ಏ ದೋಸ್ತ, ಮುನ್ನೂರು ಸಲ ಹೊಡದೀನಿ ಅಂದಿದ್ದಿ, ಸಹಿ ಮಾಡಾಕ ಯಾಕ ಹೆದರತಿ?" ಅಂದ.

ಗೇಟಿನ ಹತ್ತಿರ ಬಂದರೆ ಟ್ರ್ಯಾಕ್ ಬಂದ್. ಯಾರೋ ಗುದ್ದಿಕೊಂಡಿದ್ದಾರೆ. ಒಂದೂವರೆ ಗಂಟೆ ಕಾದೆವು. ಟೋ ಗಾಡಿಯ ಮೇಲೆ ಮೂತಿ ಚಪ್ಪಟೆಯಾದ ಒಂದು ಬಿಎಂಡಬ್ಲ್ಯೂ ಬಂತು. ಹಿಂದೆ ಕೂತಿದ್ದ ಹುಡುಗ ಫೋನನ್ನೇ ನೋಡುತ್ತಿದ್ದ, ತಲೆ ಎತ್ತಲಿಲ್ಲ. ಸಿಮ್ಯುಲೇಟರ್‌ನಲ್ಲಿ ನಾನು ಎಷ್ಟು ಸಲ ಗುದ್ದಿದ್ದೇನೆ ಅಂತ ಲೆಕ್ಕವೇ ಇಟ್ಟಿಲ್ಲ. ಒಂದು ಬಟನ್ ಒತ್ತಿದರೆ ಕಾರು ಮತ್ತೆ ಹೊಸದು.

ಗೇಟು ತೆರೆಯಿತು. ಹೊರಟೆ.

ಮೊದಲ ತಿರುವಿಗೆ ಈಗ ಸಬೀನೆ ಶ್ಮಿಟ್ಸ್ ಅವರ ಹೆಸರು. ಇದೇ ನ್ಯೂರ್‌ಬರ್ಗ್‌ನಲ್ಲಿ ಹೋಟೆಲ್ ಇಟ್ಟಿದ್ದವರ ಮಗಳು. 1996 ಮತ್ತು 1997ರಲ್ಲಿ ಇಲ್ಲಿನ 24 ಗಂಟೆಗಳ ರೇಸ್ ಗೆದ್ದವರು. 2021ರ ಮಾರ್ಚ್‌ನಲ್ಲಿ ತೀರಿಕೊಂಡರು, ಅದೇ ವರ್ಷ ತಿರುವಿಗೆ ಹೆಸರಿಟ್ಟರು. ನನ್ನ ಆಟದಲ್ಲಿ ಆ ತಿರುವಿಗೆ ಹೆಸರೇ ಇಲ್ಲ. ಆಟದ ರಸ್ತೆ 2015ಕ್ಕೇ ನಿಂತುಬಿಟ್ಟಿದೆ ಅನ್ನುವುದು ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹಾಟ್ಸೆನ್‌ಬಾಖ್ ಅನ್ನುವ ಭಾಗದ ಎಡ ಬಲ ಎಡ ಬಲ ತಿರುವುಗಳು ಕೈಗೆ ತಾನಾಗಿ ಬಂದವು. ಅಲ್ಲಿ ನಿಜವಾಗಲೂ ಖುಷಿಯಾಯಿತು. ಯಾವತ್ತೂ ಕಾಲಿಡದ ಜಾಗ, ಆದರೆ ಮುಂದಿನ ತಿರುವು ಯಾವ ಕಡೆ ಅಂತ ಗೊತ್ತು. ಒಂದೇ ತೊಂದರೆ, ಸ್ಟೀರಿಂಗ್ ಮಂಕಾಗಿದೆ. ಮುಂದಿನ ಟೈರು ಹಿಡಿತ ಬಿಡುವ ಮುಂಚೆ ಸ್ಟೀರಿಂಗ್ ಹಗುರವಾಗುತ್ತದೆ. ಮನೆಯ ಡೈರೆಕ್ಟ್ ಡ್ರೈವ್ ಅದನ್ನು ಅಂಗೈಗೆ ಸ್ಪಷ್ಟವಾಗಿ ಹೇಳುತ್ತದೆ. ಸ್ವಿಫ್ಟಿನ ಪವರ್ ಸ್ಟೀರಿಂಗ್ ಅದನ್ನೆಲ್ಲ ಅರ್ಧ ನುಂಗಿಬಿಡುತ್ತದೆ. ನಕಲಿಯಲ್ಲಿ ಸಿಗುವ ಸುದ್ದಿ ಅಸಲಿಯಲ್ಲಿ ಸಿಗುತ್ತಿಲ್ಲ! ಆ ಸುದ್ದಿ ಸೀಟಿನಿಂದ, ಸೊಂಟದಿಂದ ಬರುತ್ತಿತ್ತು. ಅದನ್ನು ಓದಲು ನನಗೆ ಯಾರೂ ಕಲಿಸಿರಲಿಲ್ಲ.

ಆಮೇಲೆ ಫ್ಲುಗ್‌ಪ್ಲಾಟ್ಸ್. ವಿಮಾನ ಇಳಿಯುವ ಬಯಲು ಅಂತ ಅರ್ಥ. ಒಂದು ಏರು, ತುದಿಯಲ್ಲಿ ಉಬ್ಬು, ಕೂಡಲೇ ಬಲಕ್ಕೆ ಎರಡು ತಿರುವು. ಆಟದಲ್ಲಿ ಆ ತುದಿಯಲ್ಲಿ ಕಾರು ಹಗುರವಾಗಿ, ಸ್ಟೀರಿಂಗ್ ಒಂದು ಕ್ಷಣ ಸತ್ತ ಹಾಗಾಗಿ, ಮತ್ತೆ ಜೀವ ಬರುತ್ತದೆ. ಆ ಕ್ಷಣ ಕಳೆದ ಮೇಲೆ ತಿರುಗಿಸಬೇಕು. ಮುನ್ನೂರು ಸಲ ಮಾಡಿದ್ದು. ನಿಜದಲ್ಲಿ ತುದಿಗೆ ಬಂದೆ, ಕಾದೆ. ಉಬ್ಬು ಬರಲಿಲ್ಲ. ಇನ್ನೂ ಕಾಯುತ್ತಿದ್ದೇನೆ, ತಿರುವು ಬಂದೇಬಿಟ್ಟಿದೆ. ತಡವಾಗಿ ತಿರುಗಿಸಿದೆ, ಟೈರು ಕಿರುಚಿತು, ಎಡಗಡೆಯ ಹುಲ್ಲು ಹತ್ತಿರ ಹತ್ತಿರ ಬಂತು. ಪುಣ್ಯಕ್ಕೆ ವೇಗ ಕಡಿಮೆ ಇತ್ತು. ಪಕ್ಕದ ಸೀಟಿನಿಂದ ಒಂದೇ ಮಾತು, "ಸಾವಕಾಶ."

ಆ ಉಬ್ಬು ಎಲ್ಲಿ ಹೋಯಿತು? 2015ರ ಮಾರ್ಚ್ 28ರಂದು ಇಲ್ಲಿ ರೇಸ್ ನಡೆಯುತ್ತಿತ್ತು. ಒಂದು ನಿಸಾನ್ ಜಿಟಿ-ಆರ್ ಇದೇ ತುದಿಯಲ್ಲಿ ಮೂತಿ ಎತ್ತಿ, ಗಾಳಿಗೆ ಹಾರಿ, ಬೇಲಿ ದಾಟಿ ಪ್ರೇಕ್ಷಕರ ಕಡೆ ಬಿತ್ತು. ನೋಡಲು ಬಂದವರೊಬ್ಬರು ಸತ್ತರು. ಓಡಿಸುತ್ತಿದ್ದವರು ಯಾನ್ ಮಾರ್ಡನ್‌ಬರೋ. ಗ್ರ್ಯಾನ್ ಟುರಿಸ್ಮೊ ಅನ್ನುವ ವಿಡಿಯೋ ಆಟದಲ್ಲಿ ಸ್ಪರ್ಧೆ ಮಾಡಿ, 2011ರಲ್ಲಿ ಆಟಗಾರರಿಂದ ರೇಸ್ ಚಾಲಕರನ್ನು ಆರಿಸುವ ಜಿಟಿ ಅಕಾಡೆಮಿ ಗೆದ್ದು, ಅಲ್ಲಿಂದ ನಿಜವಾದ ರೇಸಿಗೆ ಬಂದವರು. ಆಟದಿಂದ ಟ್ರ್ಯಾಕಿಗೆ ಬರಬಹುದು ಅಂತ ನನ್ನಂಥವರು ನಂಬಿದ್ದೇ ಅವರನ್ನು ನೋಡಿ. "ನೋಡಿ, ಆಟ ಆಡುವವರ ಗತಿ" ಅಂತ ಇದಕ್ಕೆ ಕಥೆ ಕಟ್ಟುವುದು ನನಗೆ ಇಷ್ಟವಿಲ್ಲ. ಆ ಹೊತ್ತಿಗೆ ಅವರು ಫ್ರಾನ್ಸಿನ ಪ್ರಸಿದ್ಧ ಲ ಮಾನ್ ರೇಸಿನಲ್ಲಿ ಪೋಡಿಯಂ ಏರಿದ್ದವರು. ತುದಿಯಲ್ಲಿ ಕಾರಿನ ಕೆಳಗೆ ಗಾಳಿ ಹೊಕ್ಕರೆ ಯಾರಾದರೂ ಏನು ಮಾಡಲು ಸಾಧ್ಯ? ಆ ವರ್ಷ ರೇಸುಗಳಿಗೆ ಕೆಲವು ಕಡೆ ವೇಗಮಿತಿ ಹಾಕಿದರು. ಮುಂದಿನ ಚಳಿಗಾಲದಲ್ಲಿ ಈ ಉಬ್ಬನ್ನು ತಟ್ಟಿ ಸಪಾಟು ಮಾಡಿದರು. ನನ್ನ ಆಟದ ಸ್ಕ್ಯಾನ್ ಅದಕ್ಕಿಂತ ಹಳೆಯದು. ಮಿಲಿಮೀಟರ್ ಲೆಕ್ಕದಲ್ಲಿ ಸರಿ ಇರುವ ರಸ್ತೆಯನ್ನೇ ಕಲಿತಿದ್ದೆ. ಆದರೆ ಆ ರಸ್ತೆ ಈಗ ಇಲ್ಲ.

ಫುಕ್ಸ್‌ರೋರೆಗೆ ಬರುವಷ್ಟರಲ್ಲಿ ಇನ್ನೊಂದು ಪಾಠ ಕಾದಿತ್ತು. ಪರದೆ ಮೇಲೆ ಈಗ ಕಾಣುತ್ತಿರುವುದು ಅದೇ. ನೋಡಿ, ಎಷ್ಟು ಸಲೀಸು ಕಾಣುತ್ತದೆ. ಕಾಡಿನ ನಡುವೆ ಒಂದು ಇಳಿಜಾರು, ತಳದಲ್ಲಿ ತಗ್ಗು, ಮತ್ತೆ ಏರು. ಪರದೆ ಇಳಿಜಾರನ್ನು ಯಾವತ್ತೂ ತೋರಿಸುವುದಿಲ್ಲ. ಮೂರು ಮಾನಿಟರ್ ಇಟ್ಟರೂ ಅಷ್ಟೇ. ನಿಜದಲ್ಲಿ ಅದು ಬಾವಿಗೆ ಇಳಿದ ಹಾಗೆ. ಆಟದಲ್ಲಿ ಪೂರ್ತಿ ಒತ್ತಿಕೊಂಡು ಹೋಗುವ ಜಾಗದಲ್ಲಿ ನನ್ನ ಬಲಗಾಲು ನನ್ನನ್ನು ಕೇಳದೇ ಮೇಲೆದ್ದಿತ್ತು. ತಳದಲ್ಲಿ ಹೊಟ್ಟೆ, ಕೆನ್ನೆ, ಹೆಲ್ಮೆಟ್ ಎಲ್ಲ ಕೆಳಕ್ಕೆ ಜಗ್ಗಿತು. ಮೇಲೆ ಹತ್ತಿದ ಕೂಡಲೇ ಆಡೆನಾವರ್ ಫೋರ್ಸ್ಟ್, ಜೋರಾಗಿ ಬಂದವರನ್ನು ಸೀದಾ ಹುಲ್ಲಿಗೆ ಕಳಿಸುವ ಎಡ ಬಲದ ತಿರುವು. ಜನ ಫೋನ್ ಹಿಡಿದು ಕಾಯುತ್ತಾ ನಿಂತಿದ್ದರು. ನಾನು ಅವರಿಗೆ ನಿರಾಸೆ ಮಾಡಿದೆ. ಅಲ್ಲಿ ಬ್ರೇಕ್ ಎಲ್ಲಿ ಹಾಕಬೇಕು ಅಂತ ಆಟ ಸರಿಯಾಗಿಯೇ ಕಲಿಸಿತ್ತು.

ಆಮೇಲೆ ಕನ್ನಡಿ. ಆಟದಲ್ಲಿ ನಾನು ಯಾವಾಗಲೂ ಒಬ್ಬನೇ. ಇಲ್ಲಿ ಹಿಂದೆ ಚುಕ್ಕೆಯಂತೆ ಕಂಡ ಪೋರ್ಷೆ ಎರಡು ತಿರುವು ಕಳೆಯುವುದರೊಳಗೆ ಬಂಪರಿಗೆ ಅಂಟಿಕೊಂಡಿರುತ್ತದೆ. ಬಲಕ್ಕೆ ಇಂಡಿಕೇಟರ್ ಹಾಕಿ ಸರಿಯಬೇಕು. ಹೋಗುವವರು ಕೈ ಬೀಸಿ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಅರ್ಧ ಸುತ್ತು ನಾನು ಮಾಡಿದ ಕೆಲಸ ಇದೇ, ದಾರಿ ಬಿಡುವುದು.

ಬ್ರೈಡ್‌ಶೈಡ್‌ನ ಸೇತುವೆಯೇ ಅತಿ ತಗ್ಗಿನ ಜಾಗ. ಅಲ್ಲಿಂದ ಏರುತ್ತಾ ಬೆರ್ಗ್‌ವೆರ್ಕ್ ಅನ್ನುವ ತಿರುವಿಗೆ ಸ್ವಲ್ಪ ಮುಂಚೆ ಎಡಕ್ಕೆ ಒಂದು ಸಣ್ಣ ಬಾಗು. 1976ರ ಆಗಸ್ಟ್ 1ರಂದು ಫಾರ್ಮುಲಾ ಒನ್ ಚಾಲಕ ನಿಕಿ ಲೌಡಾ ಅವರ ಫೆರಾರಿ ಹೊತ್ತಿಕೊಂಡದ್ದು ಇಲ್ಲಿ. ಅವರನ್ನು ಬೆಂಕಿಯಿಂದ ಎಳೆದವರು ಹಿಂದೆ ಬರುತ್ತಿದ್ದ ಬೇರೆ ಚಾಲಕರು. ಇಷ್ಟುದ್ದದ ಟ್ರ್ಯಾಕಿನಲ್ಲಿ ಎಲ್ಲ ಕಡೆ ಸಹಾಯಕ್ಕೆ ಜನ ನಿಲ್ಲಿಸಲು ಆಗುತ್ತಲೇ ಇರಲಿಲ್ಲ. ಆರು ವಾರದಲ್ಲಿ ಲೌಡಾ ಇಟಲಿಯ ಮಾಂಜಾ ರೇಸಿನಲ್ಲಿ ಮತ್ತೆ ಕಾರು ಹತ್ತಿದರು, ನಾಲ್ಕನೆಯವರಾಗಿ ಬಂದರು. ಫಾರ್ಮುಲಾ ಒನ್ ಮಾತ್ರ ನಾರ್ಡ್‌ಶ್ಲೈಫಗೆ ಮತ್ತೆ ಬರಲಿಲ್ಲ. ಆ ಬಾಗು ದಾಟಲು ನನಗೆ ಎರಡು ಸೆಕೆಂಡೂ ಹಿಡಿದಿರಲಿಕ್ಕಿಲ್ಲ.

ಕಾರುಸೆಲ್ ಮಾತ್ರ ಥೇಟ್ ಆಟದ ಹಾಗೆಯೇ. ಎಡಕ್ಕೆ ಸುತ್ತುವ ಕಾಂಕ್ರೀಟಿನ ವಾಲಿದ ಬಾಣಲೆ. ಒಂದು ಚಕ್ರ ಇಳಿಸಿದರೆ ಕಾರು ತಾನೇ ಒಳಗೆ ಬೀಳುತ್ತದೆ. ಕಾಂಕ್ರೀಟ್ ಚಪ್ಪಡಿಗಳ ಸಂದು ದಡದಡ ದಡದಡ. ಗೆಳೆಯ ನಕ್ಕದ್ದು ಅಲ್ಲೊಂದೇ ಕಡೆ.

ಉಳಿದದ್ದು ಜಾಸ್ತಿ ನೆನಪಿಲ್ಲ. ಸುಸ್ತಾಗಿತ್ತು. ಮನೆಯಲ್ಲಿ ಮೂರು ಸುತ್ತು ಒಂದೇ ಉಸಿರಿಗೆ ಹೊಡೆಯುವವನಿಗೆ ಇಲ್ಲಿ ಒಂದೇ ಸುತ್ತಿಗೆ ಅಂಗಿ ಒದ್ದೆ. ಕೊನೆಯ ಉದ್ದನೆಯ ನೇರ ರಸ್ತೆಯಲ್ಲಿ ಬ್ರೇಕಿನ ಸುಟ್ಟ ವಾಸನೆ ಒಳಗೆ ಬಂತು. ನನ್ನ ಆಟದಲ್ಲಿ ಈ ವಾಸನೆಯೂ ಇಲ್ಲ.

ಪಾರ್ಕಿಂಗಿನಲ್ಲಿ ನಿಲ್ಲಿಸಿ ಹೆಲ್ಮೆಟ್ ತೆಗೆದೆ. "ಟೈಮ್ ಎಷ್ಟಾತು?" ಅಂತ ಗೆಳೆಯ ಕೇಳಿದ. ಅಳೆಯುವಂತಿಲ್ಲ ಅಂದೆ. "ಛಲೋ ಆತು ಬಿಡು, ನಿನ್ನ ಮಾನ ಉಳೀತು." ಕಾರ್ಡಿನಲ್ಲಿ ಇನ್ನೊಂದು ಸುತ್ತು ಬಾಕಿ ಇತ್ತು. ಹೋಗಲಿಲ್ಲ. ಮಳೆ ಬರುವ ಹಾಗಿದೆ ಅಂತ ನಾನೇ ಹೇಳಿದೆ. ಮೋಡ ಇದ್ದದ್ದು ನಿಜ, ಆದರೆ ಮಳೆ ಬರಲಿಲ್ಲ.

ಆವತ್ತು ರಾತ್ರಿ ಸಿಮ್ಯುಲೇಟರ್‌ನಲ್ಲಿ ಕೂತು ಹೊಡೆದದ್ದೇ ನೀವು ಇಷ್ಟು ಹೊತ್ತು ನೋಡಿದ್ದು. ಫುಕ್ಸ್‌ರೋರೆಯಲ್ಲಿ ವೇಗ ಇಳಿದದ್ದನ್ನು ಗಮನಿಸಿದಿರಾ? ನಾನು ಬೇಕೆಂದು ಇಳಿಸಿದ್ದಲ್ಲ, ಕಾಲು ತಾನೇ ಎದ್ದಿತು. ನನ್ನ ಮಾಮೂಲಿ ಸಮಯಕ್ಕಿಂತ ಹನ್ನೊಂದು ಸೆಕೆಂಡ್ ನಿಧಾನ.

ಆ ಬಾಕಿ ಸುತ್ತಿಗೆ ಮುಂದಿನ ತಿಂಗಳು ಹೋಗುತ್ತಿದ್ದೇವೆ. ಈ ಸಲ ಧಾರವಾಡದವನು ಓಡಿಸುತ್ತಾನಂತೆ. ವಾರದಿಂದ ದಿನಾ ಸಂಜೆ ನಮ್ಮ ಮನೆಗೆ ಬಂದು ಅಭ್ಯಾಸ ಮಾಡುತ್ತಿದ್ದಾನೆ. ಇಲ್ಲಿವರೆಗೆ ಒಂದು ಸುತ್ತೂ ಪೂರ್ತಿ ಮುಗಿಸಿಲ್ಲ. ಪಕ್ಕದ ಸೀಟಿನಲ್ಲಿ ನಾನು. ಅಮ್ಮನಿಗೆ ಇನ್ನೂ ಹೇಳಿಲ್ಲ.