ಪರ್ಸ್ ಒಳಗಿಡಿ, ನೀವು ಗೆಸ್ಟು

ಕೇಳುಗರಿಗೆ ನಮಸ್ಕಾರ.

ನಾನು ಮೈಸೂರಿನಲ್ಲೇ ಹುಟ್ಟಿ ಬೆಳೆದವನು. ಈ ಊರಿನಲ್ಲಿ ನನಗೆ ಗೊತ್ತಿಲ್ಲದ ಗಲ್ಲಿ ಇಲ್ಲ ಅಂತ ಸ್ವಲ್ಪ ಜಂಬವೂ ಇದೆ. ಆದರೆ ಒಂದು ಗೇಟನ್ನು ಮಾತ್ರ ಹೊರಗಿನಿಂದಲೇ ನೋಡಿದ್ದೆ. ಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುವಾಗ ದಿನಾ ಎದುರಾಗುತ್ತಿತ್ತು. ಕಾಗದದ ಹೂವಿನ ಬೇಲಿ, ಅದರಾಚೆ ಕೆಂಪು ಹೆಂಚಿನ ಮಾಡು, ಬಿಳಿ ಕಂಬದ ವರಾಂಡ. ಗೇಟಿನ ಪಕ್ಕ ಸಣ್ಣದೊಂದು ಬೋರ್ಡು. ಸದಸ್ಯರಿಗೆ ಮಾತ್ರ.

ಹೋದ ತಿಂಗಳು ಆ ಗೇಟು ದಾಟಿದೆ. ಸದಸ್ಯನಾಗಿ ಅಲ್ಲ, ಗೆಸ್ಟಾಗಿ. ಕ್ಲಬ್ಬಿನ ಹೆಸರು ಹೇಳುವುದಿಲ್ಲ. ಹೇಳಿದರೆ ಕರೆದುಕೊಂಡು ಹೋದ ಗೆಳೆಯರಿಗೆ ತೊಂದರೆ. ಅವರಿಗೆ ತೊಂದರೆಯಾದರೆ ನನಗೆ ಇನ್ನೊಂದು ಸಲ ಅಲ್ಲಿನ ಕಟ್ಲೆಟ್ ಸಿಗುವುದಿಲ್ಲ.

ಗೆಳೆಯರು ಫೋನಿನಲ್ಲೇ ಎಚ್ಚರಿಸಿದ್ದರು. "ಕಾಲರ್ ಇರುವ ಶರ್ಟ್ ಹಾಕ್ಕೊಂಡು ಬನ್ನಿ." ಇಸ್ತ್ರಿ ಮಾಡಿದ ಶರ್ಟ್ ಹಾಕಿ, ತಲೆ ಬಾಚಿ, ಸಂಜೆ ಆರೂವರೆಗೆ ಹೋದೆ. ಗೇಟಿನ ಸೆಕ್ಯುರಿಟಿಯವನು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. ಕಾಲಲ್ಲಿ ಚಪ್ಪಲಿ ಇತ್ತು. ಒಳ್ಳೆಯ ಚರ್ಮದ ಚಪ್ಪಲಿ, ಮಗಳ ಮದುವೆಗೆ ತೆಗೆದುಕೊಂಡದ್ದು. "ಶೂ ಬೇಕು ಸಾರ್" ಅಂದ. ತುಂಬ ಮರ್ಯಾದೆಯಿಂದಲೇ ಅಂದ. ನಮ್ಮ ಊರಲ್ಲಿ ದೇವಸ್ಥಾನಕ್ಕೆ ಹೋದರೆ ಚಪ್ಪಲಿ ಬಿಡು ಅನ್ನುತ್ತಾರೆ, ಇಲ್ಲಿ ಶೂ ಹಾಕು ಅನ್ನುತ್ತಾರೆ. ಎರಡು ಕಡೆಯೂ ಪರೀಕ್ಷೆ ಕಾಲಿಗೇ!

ಗೆಳೆಯರ ಕಾರಿನ ಡಿಕ್ಕಿಯಲ್ಲಿ ವಾಕಿಂಗ್ ಶೂ ಇತ್ತು. ಅವರದು ಹತ್ತನೇ ನಂಬರ್, ನನ್ನದು ಏಳು. ಮುಂಭಾಗಕ್ಕೆ ಹಳೆ ಪೇಪರ್ ತುರುಕಿ ಹಾಕಿಕೊಂಡೆ. ಆ ಸಂಜೆಯೆಲ್ಲ ನಾನು ನಡೆದರೆ ಬಾತುಕೋಳಿ ನಡೆದಂಗೆ ಟಪ್ ಟಪ್ ಶಬ್ದ.

ಸುಮ್ನೆ ನಗುವ ಮಾತಲ್ಲ ಇದು. 2014ರಲ್ಲಿ ಚೆನ್ನೈನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನೇ ಪಂಚೆ ಉಟ್ಟಿದ್ದಾರೆ ಅಂತ ಒಂದು ಕ್ಲಬ್ಬಿನ ಬಾಗಿಲಲ್ಲಿ ತಡೆದರು. ಅವರೂ ಕರೆಸಿಕೊಂಡು ಹೋದವರೇ, ಪುಸ್ತಕ ಬಿಡುಗಡೆಗೆ. ದೊಡ್ಡ ಗಲಾಟೆಯಾಗಿ, ಪಂಚೆ ಉಟ್ಟವರನ್ನು ತಡೆಯುವ ಹಾಗಿಲ್ಲ ಅಂತ ತಮಿಳುನಾಡು ಸರ್ಕಾರ ಅದೇ ವರ್ಷ ಕಾನೂನೇ ಮಾಡಿತು. ಚಪ್ಪಲಿಯ ಪರವಾಗಿ ಕಾನೂನು ಮಾಡುವವರು ಇನ್ನೂ ಯಾರೂ ಹುಟ್ಟಿದ ಹಾಗಿಲ್ಲ.

ಒಳಗೆ ಹೋದ ಕೂಡಲೇ ಒಂದು ದಪ್ಪ ರಿಜಿಸ್ಟರ್. ಗೆಸ್ಟಿನ ಹೆಸರು, ಕರೆತಂದ ಸದಸ್ಯರ ನಂಬರು, ಬಂದ ಹೊತ್ತು, ಸಹಿ. ನನ್ನ ಸಹಿ ಅಲ್ಲ, ಗೆಳೆಯರ ಸಹಿ. ನಾನು ಗ್ಲಾಸು ಒಡೆದರೂ, ಜಗಳ ಆಡಿದರೂ ಹೊಣೆ ಅವರದೇ. ಸಣ್ಣ ಮಗುವನ್ನು ಮದುವೆ ಮನೆಗೆ ಕರೆದುಕೊಂಡು ಹೋದ ಹಾಗೆ.

ಇಂಥ ಕ್ಲಬ್ಬುಗಳು ನಮ್ಮ ದೇಶಕ್ಕೆ ಬಂದದ್ದು ಕಂಪನಿ ಸರ್ಕಾರದ ಕಾಲದಲ್ಲಿ. ಕಲ್ಕತ್ತದ ಬೆಂಗಾಲ್ ಕ್ಲಬ್ 1827ರದು, ಮದರಾಸ್ ಕ್ಲಬ್ 1832ರದು. ನಮ್ಮ ಬೆಂಗಳೂರು ಕ್ಲಬ್ 1868ರದು. ಊರು ಬಿಟ್ಟು ಬಂದ ಸಾಹೇಬರಿಗೆ ಸಂಜೆ ಹೊತ್ತು ಕೂರಲು ತಮ್ಮದೇ ಒಂದು ಜಗಲಿ ಬೇಕಿತ್ತು. ನಮ್ಮ ಅಗ್ರಹಾರದ ಜಗಲಿಗೆ ಬಾಗಿಲಿಲ್ಲ, ಅವರ ಜಗಲಿಗೆ ಬಾಗಿಲೇ ಮುಖ್ಯ. ನಾವು ಆ ಬಾಗಿಲ ಒಳಗೆ ಹೋಗುವ ಹಾಗಿರಲಿಲ್ಲ, ಗೆಸ್ಟಾಗಿ ಕೂಡ. ಕಲ್ಕತ್ತದಲ್ಲಿ ಒಂದು ಕತೆ ಹೇಳುತ್ತಾರೆ. ವೈಸರಾಯ್ ಮಿಂಟೋ ಅವರು ಉದ್ಯಮಿ ರಾಜೇಂದ್ರನಾಥ್ ಮುಖರ್ಜಿಯವರನ್ನು ಬೆಂಗಾಲ್ ಕ್ಲಬ್ಬಿಗೆ ಊಟಕ್ಕೆ ಕರೆದರಂತೆ. ಭಾರತೀಯರಿಗೆ ಪ್ರವೇಶವಿಲ್ಲ ಅಂದುಬಿಟ್ಟರಂತೆ. ಕರೆದವರು ವೈಸರಾಯ್, ಆದರೂ! ಆಮೇಲೆ 1907ರಲ್ಲಿ ಹುಟ್ಟಿದ್ದು ಕಲ್ಕತ್ತ ಕ್ಲಬ್. ಅಲ್ಲಿ ಬಣ್ಣದ ಭೇದ ಇರಲಿಲ್ಲ.

ನಮ್ಮಲ್ಲೂ ಅಂಥದ್ದೇ ಒಂದು ನಡೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1917ರಲ್ಲಿ ಬೆಂಗಳೂರಿನಲ್ಲಿ ಸೆಂಚುರಿ ಕ್ಲಬ್ ಕಟ್ಟಿದರು. ಅವರ ಮೈಸೂರು ಪೇಟ ನೋಡಿ ಬಿಳಿಯರ ಕ್ಲಬ್ಬಿನವರು ತಕರಾರು ತೆಗೆದದ್ದೇ ಕಾರಣ ಅಂತ ಹಿರಿಯರು ಹೇಳುತ್ತಾರೆ. ಅಲ್ಲಿ ತಲೆ, ಇಲ್ಲಿ ಕಾಲು.

ಇರಲಿ, ವರಾಂಡಕ್ಕೆ ಬರೋಣ. ಬೆತ್ತದ ಕುರ್ಚಿ, ಮೇಲೆ ಉದ್ದ ಕಡ್ಡಿಯಿಂದ ಇಳಿಬಿಟ್ಟ ಫ್ಯಾನು, ಆಕಡೆ ಚಾಮುಂಡಿ ಬೆಟ್ಟದ ದೀಪ. ಪಕ್ಕದ ರೂಮಿನಲ್ಲಿ ಇಸ್ಪೀಟು ಕಲೆಸುವ ಸದ್ದು. ಅಲ್ಲಿ ರಮ್ಮಿ ಆಡುತ್ತಿದ್ದ ಹಿರಿಯರೊಬ್ಬರು ನಾನು ಇಣುಕಿದ್ದು ನೋಡಿ, "ಸುಪ್ರೀಂ ಕೋರ್ಟೇ ಹೇಳಿದೆ ಕಣ್ರೀ, ರಮ್ಮಿ ಬುದ್ಧಿಯ ಆಟ" ಅಂದರು. ನಾನೇನೂ ಕೇಳಿರಲಿಲ್ಲ. ಮಾತು ನಿಜ. 1967ರಲ್ಲಿ ಕೋರ್ಟು ಹಾಗೆ ಹೇಳಿದೆ. ಆ ಕೇಸು ನಡೆದದ್ದೂ ಇಂಥದ್ದೇ ಒಂದು ಕ್ಲಬ್ಬಿನ ಮೇಲೆ, ಸಿಕಂದರಾಬಾದಿನಲ್ಲಿ. ತೀರ್ಪು ಬಾಯಿಪಾಠ ಇದ್ದವರು ಆ ಹೊತ್ತಿಗೆ ಸೋಲುತ್ತಿದ್ದರು ಅಂತ ಕಾಣುತ್ತೆ.

ನನಗೆ ತುಂಬ ಇಷ್ಟವಾದದ್ದು ಬಿಲಿಯರ್ಡ್ಸ್ ರೂಮು. ಹನ್ನೆರಡು ಅಡಿ ಉದ್ದ, ಆರಡಿ ಅಗಲದ ಮೇಜು, ಮೇಲೆ ಹಸಿರು ಬಟ್ಟೆ. ಬಟ್ಟೆಯ ಕೆಳಗಿರುವುದು ಮರ ಅಲ್ಲ, ಸ್ಲೇಟು ಕಲ್ಲು. ನಾವು ಒಂದನೇ ಕ್ಲಾಸಿನಲ್ಲಿ ಬರೆಯುತ್ತಿದ್ದ ಸ್ಲೇಟಿನ ಜಾತಿಯದೇ, ಆದರೆ ದಪ್ಪ. ಮಾರ್ಕರ್ ಅಂತ ಒಬ್ಬರಿರುತ್ತಾರೆ. ಅಂಕ ಲೆಕ್ಕ ಇಡುವವರು, ಮೇಜು ನೋಡಿಕೊಳ್ಳುವವರು. ನಾನು ಹೋದಾಗ ಅವರು ಮೇಜಿಗೆ ಇಸ್ತ್ರಿ ಹಾಕುತ್ತಿದ್ದರು! ಮೊದಲು ಬ್ರಷ್ಷು, ಆಮೇಲೆ ಇಸ್ತ್ರಿಪೆಟ್ಟಿಗೆ. ಪೆಟ್ಟಿಗೆಯನ್ನು ಮೊದಲು ಒಂದು ಪೇಪರಿನ ಚೂರಿನ ಮೇಲೆ ಇಟ್ಟು ನೋಡಿದರು. ಪೇಪರ್ ಕಂದಲಿಲ್ಲ ಅಂತಾದ ಮೇಲೆ ಬಟ್ಟೆಗೆ ತಂದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ದಿಕ್ಕು. ವಾಪಸ್ ಎಳೆಯಲೇ ಇಲ್ಲ, ಎತ್ತಿಕೊಂಡು ಬಂದು ಮತ್ತೆ ಮೊದಲಿಂದ. "ಉಣ್ಣೆ ಬಟ್ಟೆ ಸಾರ್, ಇದಕ್ಕೂ ರೋಮ ಇದೆ. ಬೆಕ್ಕಿನ ಬೆನ್ನು ಸವರಿದ ಹಾಗೆ ಸವರಬೇಕು" ಅಂದರು. ಮಳೆಗಾಲದಲ್ಲಿ ಬಟ್ಟೆ ತೇವ ಹಿಡಿದು ಚೆಂಡು ಮಂದ ಆಗುತ್ತಂತೆ, ಆಗ ಇಸ್ತ್ರಿ ಜಾಸ್ತಿ.

ಸ್ನೂಕರ್ ಇಂಗ್ಲೆಂಡಿನ ಆಟ ಅಂದುಕೊಂಡಿದ್ದೀರಾ? ಹುಟ್ಟಿದ್ದು ಇಲ್ಲೇ. 1875ರಲ್ಲಿ ಜಬಲ್‌ಪುರದ ಸೈನ್ಯದ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಅನ್ನುವ ಅಧಿಕಾರಿ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡು ಸೇರಿಸಿ ಆಡಿದ್ದು. ಮುಂದೆ ಪ್ರಧಾನಿಯಾದ ಚೇಂಬರ್ಲೇನ್ ಅಲ್ಲ, ಬೇರೆಯವರು. ಆಟದ ನಿಯಮ ಬರೆದು ಗೋಡೆಗೆ ಹಾಕಿದ್ದು 1882ರಲ್ಲಿ, ನಮ್ಮಿಂದ ಬಂಡೀಪುರ ದಾಟಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ. ಸ್ನೂಕರ್ ಅಂದರೆ ಆಗಿನ ಸೈನ್ಯದ ಮಾತಿನಲ್ಲಿ ಏನೂ ಗೊತ್ತಿಲ್ಲದ ಹೊಸ ಹುಡುಗ. ಹತ್ತನೇ ನಂಬರ್ ಶೂ ಹಾಕಿಕೊಂಡು ನಿಂತಿದ್ದ ನನಗೆ ಆ ಹೆಸರು ಚೆನ್ನಾಗಿ ಒಪ್ಪುತ್ತಿತ್ತು.

ಇಷ್ಟೆಲ್ಲ ಚೆನ್ನಾಗಿತ್ತು. ಕಸಿವಿಸಿ ಶುರುವಾದದ್ದು ಕಟ್ಲೆಟ್ ಬಂದ ಮೇಲೆ.

ಬೇರರ್ ಒಂದು ಚೀಟಿ ತಂದರು. ಕಾರ್ಬನ್ ಇಟ್ಟು ಬರೆದದ್ದು. ನಾನು ಅಭ್ಯಾಸದಂತೆ ಪರ್ಸ್ ತೆಗೆದೆ. ಗೆಳೆಯರು ಮೆಲ್ಲಗೆ, "ಒಳಗಿಡಿ, ಇಲ್ಲಿ ಕ್ಯಾಶ್ ನಡೆಯಲ್ಲ" ಅಂದರು. ಅಲ್ಲಿ ಯಾರೂ ದುಡ್ಡು ಮುಟ್ಟುವುದಿಲ್ಲ. ಚೀಟಿಯ ಮೇಲೆ ಸಹಿ, ಅಷ್ಟೇ. ತಿಂಗಳ ಕೊನೆಗೆ ಬಿಲ್ಲು ಮನೆಗೆ. ಬೇರರ್ ಸದಸ್ಯರ ನಂಬರ್ ಕೇಳಲೂ ಇಲ್ಲ, ಮೊದಲೇ ಬರೆದಿದ್ದರು. ಮೂವತ್ತೊಂದು ವರ್ಷದಿಂದ ಇದ್ದಾರಂತೆ. ಗೆಳೆಯರು ಅರ್ಜಿ ಹಾಕಿ ಒಂಬತ್ತು ವರ್ಷ ಕಾದು ಸದಸ್ಯರಾದವರು. ಅವರಿಗಿಂತ ಎಷ್ಟೋ ಮೊದಲಿನಿಂದ ಇವರು ಆ ಮಾಡಿನ ಕೆಳಗಿದ್ದಾರೆ. ಆದರೆ ನಂಬರ್ ಇಲ್ಲ.

ನಾವು ಮಧ್ಯಮ ವರ್ಗದವರು. ಹೋಟೆಲಿನಲ್ಲಿ ಬಿಲ್ಲಿಗೆ ಕಿತ್ತಾಡುವುದೇ ನಮ್ಮ ಸ್ನೇಹದ ಗುರುತು, ಅಲ್ವಾ? ಕ್ಯಾಷಿಯರ್ ಎದುರು ಒಬ್ಬರ ಕೈ ಒಬ್ಬರು ಹಿಡಿದು, ನಾನು ಕೊಡ್ತೀನಿ ನಾನು ಕೊಡ್ತೀನಿ ಅಂತ ಎಳೆದಾಡಿ, ಶರ್ಟಿನ ಗುಂಡಿ ಕಿತ್ತುಕೊಂಡವರಿದ್ದಾರೆ. ಆ ಸಂಜೆ ನನಗೆ ಕಿತ್ತಾಡಲೂ ಅವಕಾಶ ಇರಲಿಲ್ಲ. ಎರಡನೇ ಕಟ್ಲೆಟ್ ಬೇಕು ಅನ್ನಿಸಿದರೂ ಕೇಳಲು ನಾಚಿಕೆ. ತಿಂದ ಒಂದೊಂದು ಕಡಲೆಬೀಜವೂ ಇನ್ನೊಬ್ಬರ ಲೆಕ್ಕಕ್ಕೆ ಬೀಳುತ್ತಿದೆ ಅನ್ನುವ ಭಾವನೆ. ಟಾಯ್ಲೆಟ್ಟಿಗೆ ಹೋಗುವ ನೆಪದಲ್ಲಿ ಬೇರರ್ ಕೈಗೆ ನೂರು ರೂಪಾಯಿ ತುರುಕಲು ನೋಡಿದೆ. ನೋಟನ್ನು ನನ್ನ ಜೇಬಿಗೇ ವಾಪಸ್ ಇಟ್ಟು, ಜೇಬನ್ನು ಒಂದು ಸಲ ತಟ್ಟಿ, "ಗೆಸ್ಟ್ ಹತ್ರ ತಗೊಳ್ಳಲ್ಲ ಸಾರ್" ಅಂದರು.

ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕ ಈಗಲೂ ಇದೆ. 1899ರಲ್ಲಿ ಬಾಕಿದಾರರ ಪಟ್ಟಿ ಮಾಡಿ, ಇನ್ನು ವಸೂಲಾಗುವುದಿಲ್ಲ ಅಂತ ಕೈಬಿಟ್ಟಿದ್ದಾರೆ. ಅದರಲ್ಲಿ ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್ ಹೆಸರಿದೆ, 13 ರೂಪಾಯಿ. ಅಂತೂ ಚರ್ಚಿಲ್‌ಗೆ ಸಾಲ ಹುಟ್ಟಿತು. ನನಗೆ ಅದೂ ಇಲ್ಲ.

ಋಣ ತೀರಿಸದೆ ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಮುಂದಿನ ಭಾನುವಾರ ಶೂ ವಾಪಸ್ ಕೊಡುವ ನೆಪ ಹೇಳಿ ಗೆಳೆಯರನ್ನು ನಜರಬಾದಿಗೆ ಕರೆದುಕೊಂಡು ಹೋದೆ. ಬೆಣ್ಣೆ ಹಾಕಿದ ಮೆತ್ತನೆ ದೋಸೆ, ಜೊತೆಗೆ ಸಾಗು. ನಾನು ಚಪ್ಪಲಿಯಲ್ಲೇ ಹೋಗಿದ್ದೆ. ಎಡಗಡೆ ಗೊತ್ತಿಲ್ಲದವರ ಮೊಣಕೈ, ಬಲಗಡೆ ಗೆಳೆಯರು, ಹಿಂದೆ ಜಾಗಕ್ಕೆ ಕಾಯುತ್ತಾ ನಿಂತವರು. ಎರಡೆರಡು ದೋಸೆ ಆಯ್ತು. ಕಾಫಿ ಆಯ್ತು. ನಾನು ಪರ್ಸಿಗೆ ಕೈ ಹಾಕಿ ಸಿದ್ಧವಾಗಿ ಕೂತಿದ್ದೆ, ಇವತ್ತು ಕಿತ್ತಾಡಿಯಾದರೂ ನಾನೇ ಕೊಡಬೇಕು ಅಂತ.

ಹುಡುಗ ಬಿಲ್ಲು ತಂದಿಟ್ಟ. ಗೆಳೆಯರು ಮಾತಿನ ಮಧ್ಯೆ, ಅದರ ಕಡೆ ನೋಡದೆಯೇ, ಜೇಬಿನಿಂದ ಪೆನ್ನು ತೆಗೆದರು. ಬಿಲ್ಲಿನ ಮೇಲೆ ಸಹಿ ಹಾಕಿ, ಕೆಳಗೆ ನಂಬರ್ ಬರೆದು ಹುಡುಗನ ಕೈಗೆ ಕೊಟ್ಟರು. ಅವನು ಒಂದು ಸಲ ಬಿಲ್ಲು ನೋಡಿದ, ಒಂದು ಸಲ ಅವರ ಮುಖ ನೋಡಿದ. "ಇದೇನ್ ಸಾರ್," ಅಂದ, "ನೀವು ಪಿಚ್ಚರ್‌ನಲ್ಲಿ ಮಾಡ್ತೀರಾ?"

ನಮಸ್ಕಾರ.