ಹಳೆಯ ಜೇಬುಚಾಕುವಿಗೆ ಹೊಸ ಹಿಡಿ: ಹೊಳಪಿಗಿಂತ ಮೊದಲು ‘ಟಕ್’

[ಮೇಜಿನ ಮೇಲೆ ತುಕ್ಕು ಹಿಡಿದ ಮಡಚುವ ಚಾಕು. ಒಂದು ಬದಿಯ ಹಿಡಿ ಅರ್ಧ ಮುರಿದಿದೆ.]

ನಮಸ್ಕಾರ. ಗುಜರಿಯಲ್ಲಿ ಹಳೆಯ ಮಡಚುವ ಚಾಕು ಸಿಕ್ಕಿದರೆ ಜನ ಮೊದಲು ಮಾಡುವ ಅನಾಹುತ ಯಾವುದು ಗೊತ್ತೇ? ಗ್ರೈಂಡರಿಗೆ ಹಿಡಿಯುವುದು. ಅಲಗು ಫಳಫಳ ಹೊಳೆಯುತ್ತದೆ, ಅದರ ಮೇಲಿದ್ದ ಹೆಸರು ಅಳಿಸಿಹೋಗಿರುತ್ತದೆ. ಅದನ್ನಾದರೂ ಸಹಿಸಿಕೊಳ್ಳಬಹುದು, ಆದರೆ ಗ್ರೈಂಡರಿನ ಕಾವಿಗೆ ಉಕ್ಕಿನ ಹದವೂ ಕೆಡುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಮೂಡಿತೆಂದರೆ ಆ ಜಾಗ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದು ತಿಳಿಯಿರಿ. ಆಮೇಲೆ ಎಷ್ಟು ಸಾಣೆ ಹಿಡಿದರೂ ಅಲ್ಲಿ ಹರಿತ ನಿಲ್ಲುವುದಿಲ್ಲ. ಹಾಗಾಗಿ ಇವತ್ತಿನ ಕೆಲಸಕ್ಕೆ ಬಳಸುವ ಯಂತ್ರವೆಂದರೆ ಒಂದು ಸಣ್ಣ ಡ್ರಿಲ್, ಅಷ್ಟೇ. ಉಳಿದದ್ದು ಅರ, ಸುತ್ತಿಗೆ, ಮರಳು ಕಾಗದ, ಎಣ್ಣೆ.

[ಅಲಗಿನ ಬುಡ, ತೀರಾ ಹತ್ತಿರದಿಂದ.]

ಚಾಕು ಮಾಡಿದವರು ಯಾರು ಎನ್ನುವುದು ಅಲಗಿನ ಬುಡದಲ್ಲಿ ಇರುತ್ತದೆ. ಅಲ್ಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಹಿತ್ತಾಳೆಯ ಚೂಪು ತುಂಡಿನಿಂದ ಮೆಲ್ಲಗೆ ಕೆರೆಯುತ್ತಿದ್ದೇನೆ. ಹಿತ್ತಾಳೆ ಈ ಉಕ್ಕಿಗಿಂತ ಮೆದು. ತುಕ್ಕು ಏಳುತ್ತದೆ, ಅಲಗಿಗೆ ಗೀರು ಬೀಳುವುದಿಲ್ಲ. ಎಣ್ಣೆ ಕಂದು ಕೆಸರಾಗುತ್ತದೆ. ಒರೆಸಿ, ಮತ್ತೆ ಎಣ್ಣೆ ಬಿಡಿ, ಮತ್ತೆ ಕೆರೆಯಿರಿ. ಈಗ ನೋಡಿ: ಒಂದು ನಕ್ಷತ್ರ, ಅದರ ಪಕ್ಕದಲ್ಲಿ ಮಾಲ್ಟಾ ಶಿಲುಬೆ, ಅಂದರೆ ತುದಿ ಕವಲೊಡೆದ ನಾಲ್ಕು ತೋಳಿನ ಶಿಲುಬೆ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಜೋಸೆಫ್ ರಾಡ್ಜರ್ಸ್ ಕಂಪನಿಯ ಗುರುತು ಇದು. 1822ರಲ್ಲಿ 1,822 ಅಲಗುಗಳ ಒಂದೇ ಚಾಕು ಮಾಡಿ ಮೆರೆದವರು ಇವರೇ. ಅದರಿಂದ ಏನನ್ನು ಕತ್ತರಿಸಬೇಕೆಂದುಕೊಂಡಿದ್ದರೋ ಅವರನ್ನೇ ಕೇಳಬೇಕು.

ಗುರುತಿನ ಜೊತೆ ಕಿರೀಟ, ಅದರ ಎರಡು ಪಕ್ಕದಲ್ಲಿ ಜಿ ಮತ್ತು ಆರ್ ಅಕ್ಷರಗಳಿವೆ. ಜಿ ಎಂದರೆ ಜಾರ್ಜ್, ಆರ್ ಎಂದರೆ ಲ್ಯಾಟಿನ್‌ನಲ್ಲಿ ರಾಜ ಅಥವಾ ರಾಣಿ. ಐದನೇ ಜಾರ್ಜ್ ಪಟ್ಟಕ್ಕೆ ಬಂದದ್ದು 1910ರಲ್ಲಿ. ಅಂದರೆ ಇದು ಬಹುಮಟ್ಟಿಗೆ ಅದರ ನಂತರದ ಚಾಕು. ವಿಕ್ಟೋರಿಯಾ ರಾಣಿಯ ಕಾಲದ್ದಾಗಿದ್ದರೆ ವಿ ಮತ್ತು ಆರ್ ಇರುತ್ತಿತ್ತು. ಈ ಕಂಪನಿಯ ಹೆಸರಿನಲ್ಲಿ ನಕಲುಗಳು ಬೇಕಾದಷ್ಟು ಬಂದಿವೆ, ಆದ್ದರಿಂದ ಕೊಳ್ಳುವಾಗ ಗುರುತು, ಅಕ್ಷರ ಎರಡನ್ನೂ ಓದಿ. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಇದೇ ಶೆಫೀಲ್ಡಿನಲ್ಲಿ ಕಂಡುಕೊಂಡದ್ದು 1913ರಲ್ಲಿ. ಅದಕ್ಕಿಂತ ಹಳೆಯ ಅಲಗುಗಳೆಲ್ಲ ತುಕ್ಕು ಹಿಡಿಯುವಂಥವೇ.

[ಚಾಕು ತೆರೆಯುವ, ಮಡಚುವ ದೃಶ್ಯ. ಸದ್ದು ಸ್ಪಷ್ಟವಾಗಿ ಕೇಳಬೇಕು.]

ಈ ಬಗೆಯ ಚಾಕುವಿಗೆ ಬೀಗವಿಲ್ಲ. ಬೆನ್ನಿನಲ್ಲಿರುವ ಉಕ್ಕಿನ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ತೆರೆದಾಗ ಒಮ್ಮೆ, ಮಡಚಿದಾಗ ಒಮ್ಮೆ ‘ಟಕ್’ ಎಂದು ಕೂರಬೇಕು. ಕೊಳ್ಳುವಾಗ ನಾನು ಪರೀಕ್ಷಿಸುವುದು ಇದನ್ನೇ. ಹಿಡಿ ಒಡೆದಿರಲಿ, ಅಲಗು ಕಪ್ಪಾಗಿರಲಿ, ಎಲ್ಲಕ್ಕೂ ದಾರಿಯಿದೆ. ಸ್ಪ್ರಿಂಗ್ ಮುರಿದಿದ್ದರೆ ಅಥವಾ ಅಲಗು ಸವೆದು ಕಡ್ಡಿಯಾಗಿದ್ದರೆ ಆ ಚಾಕುವನ್ನು ಅಲ್ಲೇ ಬಿಟ್ಟು ಬನ್ನಿ. ಅಲಗು ಬರೀ ಅಕ್ಕಪಕ್ಕ ಅಲ್ಲಾಡುತ್ತಿದ್ದರೆ ಬಿಚ್ಚುವ ಗೋಜೂ ಬೇಡ. ತಿರುಗುವ ಜಾಗದ ರಿವೆಟ್ಟನ್ನು, ಅಂದರೆ ಎರಡೂ ತುದಿ ಬಡಿದು ಕೂರಿಸಿದ ಕಂಬಿಯನ್ನು, ಕಬ್ಬಿಣದ ಮೇಲಿಟ್ಟು ಎರಡೂ ಕಡೆ ಸಣ್ಣಗೆ ತಟ್ಟಿದರೆ ಬಿಗಿಯಾಗುತ್ತದೆ.

ನಮ್ಮದನ್ನು ಬಿಚ್ಚಲೇಬೇಕು. ಮೊದಲು ಅಲಗಿಗೆ ದಪ್ಪ ಟೇಪು ಸುತ್ತಿ. ಹಿಡಿಯ ತುದಿಯಲ್ಲಿರುವ ಲೋಹದ ಭಾಗಕ್ಕೆ ಬೋಲ್‌ಸ್ಟರ್ ಎನ್ನುತ್ತಾರೆ. ಅದು ಜರ್ಮನ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿ, ಒಳಗಿರುವುದು ತಾಮ್ರ, ನಿಕ್ಕಲ್, ಸತು. ರಿವೆಟ್ ಕೂಡ ಅದೇ ಲೋಹದ್ದಾದ್ದರಿಂದ ತೇಯ್ದ ಮೇಲೆ ಎಲ್ಲಿದೆ ಎಂದೇ ಕಾಣಿಸುವುದಿಲ್ಲ. ಹುಡುಕಲು ಒಂದು ಉಪಾಯವಿದೆ: ಸಂದಿಗೆ ತೆಳು ಎಣ್ಣೆ ಬಿಟ್ಟು ಹತ್ತಿಪ್ಪತ್ತು ಬಾರಿ ತೆರೆದು ಮಡಚಿ, ಹೊರಗೆ ಚೆನ್ನಾಗಿ ಒರೆಸಿ, ಒಂದಿಷ್ಟು ಹೊತ್ತು ಬಿಡಿ. ರಿವೆಟ್ ಸಡಿಲವಿದ್ದರೆ ಅದರ ಸುತ್ತ ಎಣ್ಣೆ ಜಿನುಗಿ ಕೂದಲೆಳೆಯಂಥ ಉಂಗುರ ಮೂಡುತ್ತದೆ. ಅದರ ನಡುಮಧ್ಯಕ್ಕೆ ಸುತ್ತಿಗೆಯಿಂದ ಹೊಡೆಯುವ ಉಕ್ಕಿನ ಕಡ್ಡಿ, ಅಂದರೆ ಪಂಚ್‌ನಿಂದ ಗುರುತು ಹಾಕಿ, ತಲೆಯಷ್ಟನ್ನೇ ಕೊರೆದು, ಸಣ್ಣ ಪಂಚ್ ಇಟ್ಟು ಹೊರಕ್ಕೆ ಹೊಡೆಯಿರಿ.

ಬಿಚ್ಚಿದ ಮೇಲೆ ಒಳಗಿನ ಹಿತ್ತಾಳೆ ತಗಡುಗಳಿಗೆ ಕಿಲುಬು ಹತ್ತಿರುತ್ತದೆ. ಹುಣಸೆಹಣ್ಣು ಸಾಕು, ತೊಳೆದು ಒಣಗಿಸಿ. ಉಕ್ಕಿಗೆ ಮಾತ್ರ ಹುಣಸೆ, ನಿಂಬೆ ತಾಗಿಸಬೇಡಿ, ಹುಳಿ ಅದನ್ನು ತಿನ್ನುತ್ತದೆ.

ಹಳೆಯ ಹಿಡಿ ಬಣ್ಣಬಣ್ಣದ ಪ್ಲಾಸ್ಟಿಕ್‌ನಂತಿದ್ದರೆ ಸ್ವಲ್ಪ ಎಚ್ಚರ. ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಅದು ಹಳತಾದಂತೆ ಆಮ್ಲದ ಆವಿ ಬಿಡುತ್ತದೆ, ಒಂದೇ ಡಬ್ಬಿಯಲ್ಲಿಟ್ಟ ಬೇರೆ ಚಾಕುಗಳಿಗೂ ತುಕ್ಕು ಹತ್ತಿಸುತ್ತದೆ. ಬೇಗ ಬೆಂಕಿಯೂ ಹಿಡಿಯುತ್ತದೆ. ಬೇರೆಯಾಗಿಡಿ.

[ಮೇಜಿನ ಮೇಲೆ ಮರದ ತುಂಡುಗಳು.]

ಹೊಸ ಹಿಡಿಗೆ ಏನು ಹಾಕಬೇಕು? ಶೆಫೀಲ್ಡಿನವರು ಹಿಡಿಗೆ ನಮ್ಮ ದೇಶದ ಕಡವೆ ಕೊಂಬನ್ನು ತರಿಸಿಕೊಂಡು ಬಳಸುತ್ತಿದ್ದರು. ಈಗ ಆ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡವೆ ಕೊಂಬು, ಆನೆದಂತಗಳ ವ್ಯಾಪಾರ ಅಪರಾಧ. ಮಲೆನಾಡು, ಕೊಡಗಿನ ಕಡೆಯವರು ಗಮನಿಸಿ: ಕಾಡಿನಲ್ಲಿ ತಾನಾಗಿ ಉದುರಿದ ಕೊಂಬು ಕಂಡರೂ ಎತ್ತಿಕೊಂಡು ಬರುವಂತಿಲ್ಲ. ಅದರ ಕೊರತೆಯೇನೂ ಕಾಡುವುದಿಲ್ಲ, ನಮ್ಮಲ್ಲಿ ಬೀಟೆ ಇದೆ. ಪೀಠೋಪಕರಣದ ಕೆಲಸಗಾರರ ಹತ್ತಿರ ಉಳಿದ ಚೂರುಗಳಲ್ಲೇ ನಾಲ್ಕಾರು ಚಾಕುಗಳಿಗೆ ಸಾಕಾಗುವಷ್ಟು ಸಿಗುತ್ತದೆ. ಗಟ್ಟಿ ಮರ, ಕಪ್ಪು ಗೆರೆಗಳ ಚಂದ, ಬೆವರು ಕೈಗೂ ಜಗ್ಗುವುದಿಲ್ಲ. ಆದರೆ ಅದರ ಹುಡಿ ಚರ್ಮಕ್ಕೂ ಶ್ವಾಸಕ್ಕೂ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಿ.

ಮೂರು, ನಾಲ್ಕು ಮಿಲಿಮೀಟರ್ ದಪ್ಪದ ಎರಡು ಚೆಕ್ಕೆ ಸೀಳಿಕೊಳ್ಳಿ. ಒಂದೇ ತುಂಡಿನಿಂದ ಅಕ್ಕಪಕ್ಕ ಸೀಳಿದರೆ ಎರಡೂ ಬದಿಯ ಗೆರೆಗಳು ಜೋಡಿಯಾಗುತ್ತವೆ. ಸಮಯ ಹಿಡಿಯುವ ಕೆಲಸ ಇಲ್ಲಿದೆ: ಚೆಕ್ಕೆ ಎರಡು ಬೋಲ್‌ಸ್ಟರ್‌ಗಳ ನಡುವೆ ಕೂರಬೇಕು, ಸಂದಿಯಲ್ಲಿ ಬೆಳಕು ನುಸುಳಬಾರದು. ಒಂದು ತುದಿಯನ್ನು ಮೊದಲು ಸರಿಯಾಗಿ ಕೂರಿಸಿ, ಆಮೇಲೆ ಇನ್ನೊಂದು ತುದಿಯನ್ನು ಅರದಿಂದ ಒಂದೆರಡು ಉಜ್ಜಿಗೆ ಕೊಟ್ಟು ನೋಡಿ, ಮತ್ತೆ ಒಂದೆರಡು ಕೊಟ್ಟು ನೋಡಿ. ಆತುರಪಟ್ಟು ಹೆಚ್ಚು ತೇಯ್ದರೆ ಆ ಚೆಕ್ಕೆ ಒಲೆಗೆ.

ಕೂತ ಮೇಲೆ ಅರಲ್ಡೈಟ್ ತೆಳುವಾಗಿ ಹಚ್ಚಿ ಹಿತ್ತಾಳೆ ತಗಡಿಗೆ ಅಂಟಿಸಿ. ಒಣಗಿದ ನಂತರ ತಗಡಿನ ಹಳೆಯ ರಂಧ್ರದ ಮೂಲಕ, ಒಳಗಿನಿಂದ ಹೊರಕ್ಕೆ ಕೊರೆಯಿರಿ. ಆಗ ಅಳತೆ ತಪ್ಪುವ ಮಾತೇ ಇಲ್ಲ. ಮುಚ್ಚುವ ಮೊದಲು ತಗಡಿನ ಒಳಮೈಯಲ್ಲಿ ನಿಮ್ಮ ಇನಿಷಿಯಲ್ ಮತ್ತು ಇಸವಿಯನ್ನು ಗೀರಿಬಿಡಿ. ಹಿಡಿ ಬದಲಾದ ಚಾಕುವಿಗೆ ಸಂಗ್ರಾಹಕರು ಕಡಿಮೆ ಬೆಲೆ ಕೊಡುತ್ತಾರೆ. ಮುಂದೆ ಯಾರೋ ಇದನ್ನು ಮೂಲ ಹಿಡಿಯೆಂದು ನಂಬಿಸಿ ಮಾರಬಾರದಲ್ಲ!

[ರಿವೆಟ್ ಬಡಿಯುವ ದೃಶ್ಯ, ಹತ್ತಿರದಿಂದ.]

ಜೋಡಿಸುವಾಗ ಸ್ಪ್ರಿಂಗ್ ಮೊಂಡು ಹಿಡಿಯುತ್ತದೆ. ಅದರ ರಂಧ್ರ ತಗಡಿನ ರಂಧ್ರಕ್ಕೆ ಒಂದಿಷ್ಟು ಸರಿದು ನಿಂತಿರುತ್ತದೆ. ಮೊನೆ ತೇಯ್ದ ಮೊಳೆಯೊಂದನ್ನು ತೂರಿಸಿ ಎಳೆದುಕೊಂಡು, ಅದರ ಹಿಂದೆಯೇ ಹಿತ್ತಾಳೆ ಕಂಬಿಯನ್ನು ಸೇರಿಸಿ. ಬೋಲ್‌ಸ್ಟರ್‌ಗೆ ಮಾತ್ರ ಜರ್ಮನ್ ಸಿಲ್ವರ್ ಕಂಬಿ. ಬೆಂಗಳೂರಿನವರಿಗೆ ಇಂಥ ಲೋಹದ ಸಾಮಾನು ಹುಡುಕಲು ಎಸ್.ಜೆ.ಪಿ. ರಸ್ತೆ ಇದೆ.

ಎರಡೂ ಕಡೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಕಂಬಿ ಉಳಿಸಿ ಕತ್ತರಿಸಿ. ಮರದ ರಂಧ್ರದ ಬಾಯಿಯನ್ನು ಸ್ವಲ್ಪವೇ ಅಗಲಿಸಿ. ಈಗ ಗುಂಡುತಲೆಯ ಪುಟ್ಟ ಸುತ್ತಿಗೆಯಿಂದ ಕಂಬಿಯ ಅಂಚಿನ ಸುತ್ತ ತಟ್ಟುತ್ತಾ ಬನ್ನಿ, ತಲೆ ಅಣಬೆಯ ಹಾಗೆ ಅರಳಬೇಕು. ನಾಲ್ಕು ತಟ್ಟು ಈ ಬದಿ, ತಿರುಗಿಸಿ ನಾಲ್ಕು ಆ ಬದಿ. ಬಲ ಹಾಕಿದರೆ ಮರ ಸೀಳುತ್ತದೆ. ಅಲಗು ತಿರುಗುವ ಜಾಗದಲ್ಲಿ ಬಡಿಯುವಾಗ ಅಲಗಿಗೂ ತಗಡಿಗೂ ನಡುವೆ ತೀರಾ ತೆಳುವಾದ ಲೋಹದ ಪಟ್ಟಿಯೊಂದನ್ನು ಇಟ್ಟು, ಮುಗಿದ ಮೇಲೆ ಎಳೆದುಬಿಡಿ. ಇಲ್ಲದಿದ್ದರೆ ಚಾಕು ತೆರೆಯಲು ಉಗುರೇ ಕಿತ್ತುಬರುವಷ್ಟು ಬಿಗಿಯಾಗುತ್ತದೆ.

[ಚಾಕು ಮಡಚುವ ಸದ್ದು.]

ಟಕ್. ಸರಿಯಾಗಿದೆ.

ಹಿಡಿಯನ್ನು 220 ನಂಬರಿನ ಒರಟು ಮರಳು ಕಾಗದದಿಂದ ಶುರು ಮಾಡಿ 800 ನಂಬರಿನ ನುಣುಪು ಕಾಗದದವರೆಗೆ ಉಜ್ಜಿ, ಅಂಗಡಿಯಲ್ಲಿ ‘ಬಾಯ್ಲ್ಡ್ ಲಿನ್ಸೀಡ್ ಆಯಿಲ್’ ಎಂದು ಸಿಗುವ ಅಗಸೆ ಎಣ್ಣೆಯನ್ನು ತೆಳುವಾಗಿ ಒರೆಸಿ. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಅಲಗಿನ ಕೆಂಪು ತುಕ್ಕನ್ನು ಎಣ್ಣೆ ಹಾಕಿ ನುಣುಪಾದ ಸ್ಟೀಲ್ ವುಲ್‌ನಿಂದ ತೆಗೆಯಿರಿ. ಬೂದು, ಕಪ್ಪು ಛಾಯೆಯನ್ನು ಮುಟ್ಟಬೇಡಿ, ಅದು ಮತ್ತೆ ತುಕ್ಕು ಹತ್ತುವುದನ್ನು ಎಷ್ಟೋ ತಡೆಯುತ್ತದೆ. ಅಲಗು ತಿರುಗುವ ಜಾಗಕ್ಕೆ ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ಹಣ್ಣು ಕತ್ತರಿಸುವ ಚಾಕುವಾದರೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ ಸಾಕು. ವಿಮಾನದಲ್ಲಿ ಹೋಗುವಾಗ ಚಾಕು ಜೇಬಿನಲ್ಲಿ, ಕೈಚೀಲದಲ್ಲಿ ಬೇಡ, ಮನೆಯಲ್ಲೇ ಇರಲಿ.

ಬೀಟೆ ಸಿಗದವರು ಎಮ್ಮೆಕೊಂಬಿನ ಬಗ್ಗೆ ಕೇಳುತ್ತಲೇ ಇದ್ದೀರಿ. ಅದನ್ನು ಬಿಸಿ ಮಾಡಿ ಚಪ್ಪಟೆ ಮಾಡುವುದೇ ಒಂದು ಪೂರ್ತಿ ವಿಡಿಯೋದ ಕೆಲಸ, ಮುಂದಿನ ಬಾರಿ ಅದನ್ನೇ ಮಾಡೋಣ. ಮನೆಯವರು ಬೈಯುವ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ.